ಗಿಮ್ನಾಸಿಯಂ ಸಿಗ್ಲಿಲ್ಲ ಅಂತ ಬೇಜಾರಲ್ಲಿರೋ ಅಪ್ಪ ಅಮ್ಮಂದಿರಿಗೆ

ನಮಸ್ಕಾರ ಎಲ್ರಿಗೂ. ನಿನ್ನೆ ಒಬ್ರು ಮಗನಿಗೆ ನಾಲ್ಕನೇ ಕ್ಲಾಸಿನ ಸರಾಸರಿ 2.66 ಬಂದಿದೆ, ಗಿಮ್ನಾಸಿಯಂ ಸಿಗಲ್ಲ, ಊರಲ್ಲಿ ಏನಂತ ಹೇಳೋದು ಅಂತ ಕೇಳಿದ್ರಲ್ಲ, ಅದು ಓದಿ ತುಂಬಾ ಸಂಕಟ ಆಯ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಜರ್ಮನಿಯ ಬವೇರಿಯಾ ರಾಜ್ಯಕ್ಕೆ ಹೊಸದಾಗಿ ಬಂದವರಿಗೋಸ್ಕರ ಹೇಳ್ತೀನಿ, ಇಲ್ಲಿ ನಾಲ್ಕನೇ ಕ್ಲಾಸಿಗೇ ಮಕ್ಕಳ ದಾರಿ ಬೇರೆ ಬೇರೆ ಆಗುತ್ತೆ. ಜರ್ಮನ್, ಗಣಿತ, ಎಚ್‌ಎಸ್‌ಯು (ಊರು, ಪರಿಸರ, ವಿಜ್ಞಾನದ ಪಾಠ) ಮೂರರ ಸರಾಸರಿ 2.33ರವರೆಗೆ ಇದ್ರೆ ಯೂನಿವರ್ಸಿಟಿಗೆ ನೇರ ದಾರಿ ಇರೋ ಗಿಮ್ನಾಸಿಯಂ, 2.66ರವರೆಗೆ ಇದ್ರೆ 10ನೇ ಕ್ಲಾಸ್‌ವರೆಗಿನ ಮಧ್ಯದ ಹಂತದ ರಿಯಾಲ್‌ಶೂಲೆ, ಇಲ್ಲಾಂದ್ರೆ ಹೆಚ್ಚಾಗಿ ಕೆಲಸದ ತರಬೇತಿ ಕಡೆ ಹೋಗೋ ಮಿಟೆಲ್‌ಶೂಲೆ. ಇಲ್ಲಿ 1 ಬಂದ್ರೆ ಬೆಸ್ಟ್, ಊರಿನ ಲೆಕ್ಕಕ್ಕೆ ಪೂರ್ತಿ ಉಲ್ಟಾ.

ಎಲ್ರೂ ಧೈರ್ಯ ಹೇಳೋದು ಒಂದೇ ಥರ, ರಿಯಾಲ್‌ಶೂಲೆ 10ನೇ ಕ್ಲಾಸ್ ಆದ್ಮೇಲೆ ಎಫ್‌ಓಎಸ್ ಅನ್ನೋ 11ನೇ ಕ್ಲಾಸಿಂದ ಶುರುವಾಗೋ ಮೇಲಿನ ಸ್ಕೂಲಿಗೆ ಸೇರ್ಕೋಬಹುದು, ಅಲ್ಲಿ 13ನೇದು ಮುಗಿಸಿ ಎರಡನೇ ವಿದೇಶಿ ಭಾಷೆನೂ ಇದ್ರೆ ಯಾವ ಯೂನಿವರ್ಸಿಟಿಗಾದ್ರೂ ಹೋಗ್ಬಹುದು ಅಂತ. ನಿಜಾನೇ. ಆದ್ರೆ ಅಷ್ಟನ್ನೇ ಹಿಡ್ಕೊಂಡು ಸಮಾಧಾನ ಮಾಡ್ಕೊಂಡ್ರೆ ಅದು ಒಪ್ಪಿಕೊಂಡಂಗೆ ಆಗಲ್ಲ, ಮಗು ಮುಂದೆ ಯಾವತ್ತೋ ನಾವು ಅಂದ್ಕೊಂಡಂಗೆ ಆಗ್ಲಿ ಅಂತ ಕಾಯ್ತಾ ಕೂತಂಗೆ ಅಷ್ಟೇ. ಈಗಿರೋ ಹತ್ತು ವರ್ಷದ ಕೂಸನ್ನ ಇರೋ ಹಾಗೇ ಒಪ್ಕೋಬೇಕು ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಮಗಳಿಗೂ ರಿಯಾಲ್‌ಶೂಲೆನೇ ಆಗಿದ್ದು. ಹಾಸನದಿಂದ ಅಜ್ಜಿ ವೀಡಿಯೋ ಕಾಲ್ ಮಾಡಿ ಯಾವ ಸ್ಕೂಲು ಪುಟ್ಟಿ ಅಂದಾಗ ಅವ್ಳು ಉತ್ತರ ಕೊಡೋಕ್ ಮುಂಚೆ ನಮ್ಮಿಬ್ರ ಮುಖ ನೋಡಿದ್ಲು. ಅಷ್ಟರಲ್ಲಿ ನಮ್ಮನೆಯವ್ರು, ಅಮ್ಮಾ ರಿಯಾಲ್‌ಶೂಲೆ ಕಣಮ್ಮ, ಅಲ್ಲಿ ಪುಸ್ತಕದ್ ಪಾಠದ ಜೊತೆ ಕೈಕೆಲಸನೂ ಹೇಳ್ಕೊಡ್ತಾರೆ, ಇವಳಿಗೆ ಮರದ ಕೆಲಸ ಅಂದ್ರೆ ಪ್ರಾಣ ಅಲ್ವಾ ಅಂದ್ರು, ತಕ್ಷಣ ಇವ್ಳು ಓಡ್ಹೋಗಿ ತಾನು ಮಾಡಿದ್ ಹಕ್ಕಿಗೂಡು ತಂದು ಕ್ಯಾಮೆರಾ ಮುಂದೆ ಹಿಡಿದ್ಲು. ಅಜ್ಜಿ ಆಮೇಲೆ ಸ್ಕೂಲಿನ ಬಗ್ಗೆ ಏನೂ ಕೇಳ್ಲಿಲ್ಲ, ಹಕ್ಕಿ ಬಂತಾ ಅಂದ್ರು ಅಷ್ಟೇ.

ಮಕ್ಕಳು ನಮ್ಮ ಫೋನ್ ಮಾತಿನಲ್ಲೇ ಎಲ್ಲಾ ಕೇಳಿಸ್ಕೊತಾರೆ ಕಣ್ರೀ. ಆ ಗಣಿತದ್ ಪೇಪರಲ್ಲಿ ಒಂದ್ ಮಾರ್ಕ್ಸ್ ಜಾಸ್ತಿ ಬಂದಿದ್ರೆ ಅಂತ ಅವರ ಎದುರಿಗೆ ಪದೇ ಪದೇ ಎಳೀಬೇಡಿ, ಅದು ನೆಂಟರಿಗೆ ಹೇಳೋ ನೆಪ, ಕೇಳಿಸೋದು ಮಗುಗೆ.

ಸರಾಸರಿ ಸಾಲದಿದ್ರೂ ಮೇಲಿನ ಸ್ಕೂಲಿಗೆ ಸೇರೋಕೆ ಇನ್ನೊಂದು ಅವಕಾಶ ಕೊಡೋ ಪರೀಕ್ಷೆ, ಪ್ರೋಬೆಉಂಟರ್‌ರಿಷ್ಟ್, ಬರೆಸೋದಾದ್ರೆ ಬರೆಸಿ, ಅದು ಮೇ ತಿಂಗಳಲ್ಲೇ ಇರುತ್ತೆ, ಆದ್ರೆ ಮಗನಿಗೆ ಇಷ್ಟ ಇದೆಯಾ ಅಂತ ಮೊದ್ಲು ಕೇಳಿ. ರಿಯಾಲ್‌ಶೂಲೆಲಿ 7ನೇ ಕ್ಲಾಸಿಂದ ಗಣಿತ, ವ್ಯವಹಾರ, ಫ್ರೆಂಚ್ ಅಂತ ಗ್ರೂಪ್ ಆರಿಸ್ಕೋಬೇಕು, ಹತ್ರದ್ ಸ್ಕೂಲಲ್ಲಿ ಯಾವ್ಯಾವ ಗ್ರೂಪ್ ಇದೆ ಅಂತ ಈಗ್ಲೇ ವಿಚಾರಿಸ್ಕೊಳ್ಳಿ. ಅಡ್ಮಿಷನ್‌ಗೆ ಹೋಗೋವಾಗ ಒರಿಜಿನಲ್ ಸರ್ಟಿಫಿಕೇಟ್ ತಗೊಂಡ್ಹೋಗಿ, ಮಗನ್ನೂ ಜೊತೆಗೆ ಕರ್ಕೊಂಡ್ಹೋಗಿ.