ಸ್ಲೋ ಕುಕ್ಕರಿನಲ್ಲಿ ಮಿಂಟ್ ಚಾಕೊಲೇಟ್ ಫಜ್: ಮುಚ್ಚಳ ಹಾಕಬೇಕಾ, ಬೇಡವಾ?

ಸರಸ್ವತಿಪುರಂ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಅಮೆರಿಕದಿಂದ ಬಂದಾಗ ಒಂದು ಸ್ಲೋ ಕುಕ್ಕರ್ ತಂದುಕೊಟ್ಟರು. ಒಳಗೆ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಲೋ, ಹೈ, ವಾರ್ಮ್ ಅಂತ ತಿರುಗಿಸುವ ಗುಬುಟು. "ಬೇಳೆ ಬೇಯೋಕೆ ಅರ್ಧ ದಿನ ಬೇಕು ಅಂದರೆ ಅದನ್ನ ಕುಕ್ಕರ್ ಅಂತ ಯಾಕೆ ಕರೀಬೇಕು" ಅಂದುಬಿಟ್ಟರು ನಮ್ಮತ್ತೆ. ಅವತ್ತಿಂದ ಅಟ್ಟದ ಮೇಲಿದೆ, ಇನ್ನೂ ಒಂದು ಸಲವೂ ಹಚ್ಚಿಲ್ಲ.

ಏಪ್ರಿಲ್ ಕೊನೆಗೆ ಮಗಳ ಹುಟ್ಟುಹಬ್ಬ. ಕೇಕ್ ಬೇಕರಿಯಿಂದ ಬರುತ್ತದೆ. ಜೊತೆಗೆ ಮಕ್ಕಳ ಕೈಗೆ ಕೊಡೋಕೆ ಮಿಂಟ್ ಚಾಕೊಲೇಟ್ ಫಜ್ ಮಾಡೋಣ ಅಂತ ಆಸೆ. ಸುಮಾರು 25 ಮಕ್ಕಳು ಬರಬಹುದು. ಕಂಡೆನ್ಸ್ಡ್ ಮಿಲ್ಕ್, ಚಾಕೊಲೇಟ್ ಎರಡನ್ನೂ ಸ್ಲೋ ಕುಕ್ಕರಿಗೆ ಹಾಕಿ ಬಿಟ್ಟರೆ ಆಯಿತು ಅಂತ ಎಲ್ಲೋ ನೋಡಿದ್ದೆ. ಮುಚ್ಚಳ ಹಾಕಿಡಬೇಕಾ? ಎಷ್ಟು ಹೊತ್ತು? ಮನೆ ಹಿಂದೆ ಪುದೀನ ಸೊಂಪಾಗಿ ಬೆಳೆದಿದೆ, ಎಸೆನ್ಸ್ ಬದಲು ಅದನ್ನೇ ರುಬ್ಬಿ ಹಾಕಬಹುದಾ? ಇನ್ನೊಂದು ವಿಷಯ, ಕುಕ್ಕರಿನ ಅಡಿಯಲ್ಲಿ 120 ವೋಲ್ಟ್ ಅಂತ ಬರೆದಿದೆ. ಪ್ಲಗ್ ಅಡಾಪ್ಟರ್ ಮನೆಯಲ್ಲಿದೆ. ಸಾಕಲ್ವಾ?

ವೈರ್‌ಮ್ಯಾನ್ 230

ಮೇಡಂ, ಫಜ್ ಬಗ್ಗೆ ನನಗೆ ಗೊತ್ತಿಲ್ಲ. ಆದರೆ ಆ ಅಡಾಪ್ಟರ್ ಹಾಕಿ ದಯವಿಟ್ಟು ಸ್ವಿಚ್ ಒತ್ತಬೇಡಿ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟೇಜ್ ಇಳಿಸುವುದಿಲ್ಲ. ನಮ್ಮಲ್ಲಿ 230 ವೋಲ್ಟ್. 120ರ ಕಾಯಿಲ್‌ಗೆ 230 ಕೊಟ್ಟರೆ ಹೆಚ್ಚುಕಡಿಮೆ ಮೂರೂವರೆ ಪಟ್ಟು ಜಾಸ್ತಿ ಶಕ್ತಿ ಎಳೆಯುತ್ತದೆ. 200 ವ್ಯಾಟಿನ ಕುಕ್ಕರ್ 700 ವ್ಯಾಟ್ ದಾಟುತ್ತದೆ. ಕಾಯಿಲ್ ಸುಡುತ್ತದೆ, ಪಿಂಗಾಣಿ ಸೀಳಿದರೂ ಸೀಳಬಹುದು.

230 ವೋಲ್ಟನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಕುಕ್ಕರಿನ ಅಡಿಯಲ್ಲಿ ವ್ಯಾಟ್ ನೋಡಿ, ಅದರ ಎರಡರಷ್ಟು ತಾಳುವಂಥದ್ದು ಇರಲಿ. ನಮ್ಮ ಕರೆಂಟ್ 50 ಹರ್ಟ್ಸ್, ಅಮೆರಿಕದ್ದು 60 ಹರ್ಟ್ಸ್; ತಿರುಗಿಸುವ ಗುಬುಟಿನ ಕುಕ್ಕರ್ ಆದ್ದರಿಂದ ಆ ವ್ಯತ್ಯಾಸದ ತಲೆನೋವಿಲ್ಲ.

ಆಲೆಮನೆ ಹುಡುಗ, ಮಂಡ್ಯ

ಅಕ್ಕ, ಒಂದು ಫಜ್‌ಗೆ ಟ್ರಾನ್ಸ್‌ಫಾರ್ಮರ್ ಬೇಕಾ? ಪಾತ್ರೆಯಲ್ಲಿ ನೀರು ಕಾಯಿಸಿ, ಮೇಲೆ ಬಟ್ಟಲಿಟ್ಟು ಕರಗಿಸಿ. ಹತ್ತು ನಿಮಿಷದ ಕೆಲಸ. ಮತ್ತೆ ಆ ಡಬ್ಬಿ ಹಾಲು ಯಾಕೆ, ನಮ್ಮ ಬೆಲ್ಲ ಹಾಕಿ ಹಾಲು ಬತ್ತಿಸಿ ಮಾಡಿ. ಚಾಕೊಲೇಟ್‌ಗೆ ಬೆಲ್ಲ ಸೂಪರ್ ಆಗಿರುತ್ತೆ.

ಅಗ್ರಹಾರದ ಆಂಟಿ

ಸೊಸೆ ಅಂತ ಹೆಸರಿಟ್ಟುಕೊಂಡಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ. ನಾನು ಆರ್ಡರ್ ಮೇಲೆ ಸಿಹಿ ಮಾಡಿಕೊಡುವವಳು. ಫಜ್‌ಗೆ ಸ್ಲೋ ಕುಕ್ಕರನ್ನೇ ಬಳಸುತ್ತೇನೆ. ನನ್ನದು ಇಲ್ಲೇ ಕೊಂಡಿದ್ದು, 230 ವೋಲ್ಟಿನದು.

ಮೊದಲು ಮಂಡ್ಯದ ತಮ್ಮನಿಗೆ. ನೀರಿನ ಮೇಲೆ ಕರಗಿಸುವುದು ಒಳ್ಳೆಯ ವಿಧಾನವೇ ಕಣಪ್ಪ. ಆದರೆ ಕೆಳಗಿನ ಆವಿ ಬಟ್ಟಲಿನ ಅಂಚಿಗೆ ಬಂದು ಹನಿಯುತ್ತಲೇ ಇರುತ್ತದೆ, ಅದನ್ನು ಕಾಯುತ್ತಾ ನಿಲ್ಲಬೇಕು. ಮಕ್ಕಳು ಓಡಾಡುವ ಮನೆಯಲ್ಲಿ ಸ್ಲೋ ಕುಕ್ಕರ್ ಆರಾಮ. ಬೆಲ್ಲ ಮಾತ್ರ ಇದಕ್ಕೆ ಬೇಡ. ಬಿಸಿ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವುದುಂಟು, ಪಾಯಸ ಮಾಡುವವರಿಗೆಲ್ಲ ಗೊತ್ತು.

ಈಗ ನಿನ್ನ ವಿಷಯ. ಹೆಸರಿನಲ್ಲಿ ಕುಕ್ಕರ್ ಇದೆ ಅಂತ ಇಲ್ಲಿ ಏನನ್ನೂ ಬೇಯಿಸಬೇಡ, ಬರೀ ಕರಗಿಸು. ಹಳೇ ವಿಧಾನದ ಫಜ್‌ಗೆ ಸಕ್ಕರೆ ಪಾಕ 112ರಿಂದ 116 ಡಿಗ್ರಿ ಸೆಲ್ಸಿಯಸ್‌ಗೆ ಬರಬೇಕು, ಅಂದರೆ ನೀರಿಗೆ ಬಿಟ್ಟರೆ ಮೆತ್ತಗೆ ಉಂಡೆ ಕಟ್ಟುವ ಹದ. ಒಂದು ಹದ ತಪ್ಪಿದರೆ ಮೈಸೂರು ಪಾಕ್ ಕಲ್ಲಾಗುವ ಹಾಗೆ ಅದೂ ಕೈಕೊಡುತ್ತದೆ. ಕಂಡೆನ್ಸ್ಡ್ ಮಿಲ್ಕಿನ ಫಜ್‌ಗೆ ಆ ಕಾಟವಿಲ್ಲ. ಹಾಲನ್ನು ಬತ್ತಿಸುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿದೆ.

ಅಳತೆ ಹೇಳುತ್ತೇನೆ. ಚಾಕೊಲೇಟ್ 500 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 400 ಗ್ರಾಂ, ಉಪ್ಪಿಲ್ಲದ ಬೆಣ್ಣೆ 30 ಗ್ರಾಂ, ಚಿಟಿಕೆ ಉಪ್ಪು. ಚಾಕೊಲೇಟ್ ಕಡಿಮೆ ಮಾಡಬೇಡ, ಮಾಡಿದರೆ ಚಮಚದಲ್ಲಿ ತಿನ್ನಬೇಕಾಗುತ್ತದೆ. ಡಬ್ಬಿಯ ಮೇಲೆ ತೂಕ ನೋಡಿಕೋ, ಎಲ್ಲವೂ 400 ಇರುವುದಿಲ್ಲ. ಎಂಟು ಇಂಚಿನ ಚೌಕದ ತಟ್ಟೆಗೆ ಸುರಿದು, ಆರು ಸಾಲು ಆ ಕಡೆ, ಆರು ಸಾಲು ಈ ಕಡೆ ಕತ್ತರಿಸಿದರೆ 36 ತುಂಡು. ನಿನ್ನ ಮಕ್ಕಳ ಸೈನ್ಯಕ್ಕೆ ಸಾಕು, ದೊಡ್ಡವರಿಗೂ ಮಿಗುತ್ತದೆ.

ಪಾತ್ರೆಗೆ ಮೊದಲು ಕಂಡೆನ್ಸ್ಡ್ ಮಿಲ್ಕ್, ಬೆಣ್ಣೆ. ಅದರ ಮೇಲೆ ಸಣ್ಣಗೆ ಹೆಚ್ಚಿದ ಚಾಕೊಲೇಟ್. ಈ ಕ್ರಮ ತಪ್ಪಬಾರದು, ಬರೀ ಚಾಕೊಲೇಟ್ ಬಿಸಿ ಪಿಂಗಾಣಿಗೆ ತಾಗಿದರೆ ಸೀದುಹೋಗುತ್ತದೆ. ಲೋಗೆ ಇಡು. ಮುಚ್ಚಳ ಬೇಡವೇ ಬೇಡ. ಸ್ಲೋ ಕುಕ್ಕರಿನ ಮುಚ್ಚಳ ಇರುವುದೇ ಆವಿಯನ್ನು ಹಿಡಿದು ಮತ್ತೆ ಪಾತ್ರೆಗೆ ಇಳಿಸುವುದಕ್ಕೆ. ಸಾಂಬಾರಿಗೆ ಅದು ಬೇಕು, ಫಜ್‌ಗೆ ಬೇಡ.

ಹತ್ತು ನಿಮಿಷಕ್ಕೊಮ್ಮೆ ಹೋಗಿ ತಳ, ಅಂಚು ಸೇರಿಸಿ ತಿರುಗಿಸು. ಸಿಲಿಕೋನ್ ಸೌಟು ಒಳ್ಳೆಯದು. ಮರದ ಸೌಟಿನಲ್ಲಿ ನಿನ್ನೆಯ ಹುಳಿಯ ವಾಸನೆಯೂ ಇರುತ್ತದೆ, ತೇವವೂ ಇರುತ್ತದೆ. ಲೋ ಅಂದರೆ ಯಾವಾಗಲೂ ಕಡಿಮೆ ಬಿಸಿ ಅಂದುಕೊಳ್ಳಬೇಡ. ಬಿಟ್ಟರೆ ಲೋನಲ್ಲೂ ಕೊನೆಗೆ ಕುದಿಯುವ ಹತ್ತಿರಕ್ಕೆ ಹೋಗುತ್ತದೆ, ನಿಧಾನವಾಗಿ ಹೋಗುತ್ತದೆ ಅಷ್ಟೇ. ಚಾಕೊಲೇಟ್‌ಗೆ 50 ಡಿಗ್ರಿ ಸಾಕು. ಅದಕ್ಕೇ ಮುಕ್ಕಾಲು ಭಾಗ ಕರಗಿ ಅಲ್ಲಲ್ಲಿ ಚೂರು ಕಾಣುವಾಗಲೇ ಸ್ವಿಚ್ ಆರಿಸು. ಉಳಿದದ್ದು ಪಿಂಗಾಣಿಯ ಬಿಸಿಗೇ ಕರಗುತ್ತದೆ. ನನ್ನ ಕುಕ್ಕರಿನಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ನಿನ್ನದರಲ್ಲಿ ಗಡಿಯಾರ ನೋಡಬೇಡ, ಪಾತ್ರೆ ನೋಡು.

ಬಿಸಿ ಜಾಸ್ತಿಯಾಗಿ ಎಣ್ಣೆ ಮೇಲೆ ತೇಲಿದರೆ ಚೆಲ್ಲಬೇಡ. ಬೇರೆ ಪಾತ್ರೆಗೆ ಸುರಿದು, ಬಿಸಿ ಹಾಲು ಒಂದೊಂದೇ ಚಮಚ ಹಾಕುತ್ತಾ ಜೋರಾಗಿ ಕಲಸು. ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ.

ಪುದೀನ ರುಬ್ಬಿ ಹಾಕುವ ಯೋಚನೆ ಬಿಡು. ನಮ್ಮ ಹಿತ್ತಿಲ ಪುದೀನವೇ ಬೇರೆ, ಪೆಪ್ಪರ್‌ಮಿಂಟ್ ಗಿಡವೇ ಬೇರೆ. ಬಾಯಿ ತಣ್ಣಗೆ ಮಾಡುವುದು ಮೆಂಥಾಲ್. ಅದು ಪೆಪ್ಪರ್‌ಮಿಂಟಿನಲ್ಲಿ ತುಂಬಾ ಇರುತ್ತದೆ, ಚಟ್ನಿ ಪುದೀನದಲ್ಲಿ ತೀರಾ ಕಡಿಮೆ. ಅದರ ಘಮ ಕಾರ್ವೋನ್ ಅನ್ನುವ ಬೇರೆ ಎಣ್ಣೆಯದು. ರುಬ್ಬಿದರೆ ನೀರೂ ಸೇರುತ್ತದೆ. ಕೊನೆಗೆ ಮಕ್ಕಳು "ಆಂಟಿ, ಇದರಲ್ಲಿ ಪಾನಿಪೂರಿ ವಾಸನೆ" ಅನ್ನುತ್ತವೆ. ಪೆಪ್ಪರ್‌ಮಿಂಟ್ ಎಸೆನ್ಸ್ ಅರ್ಧ ಟೀ ಚಮಚ ಹಾಕು, ಅದೂ ಸ್ವಿಚ್ ಆರಿಸಿದ ಮೇಲೆ. ಮೊದಲೇ ಹಾಕಿದರೆ ಘಮ ಅಡುಗೆಮನೆಗೆ, ಫಜ್‌ಗೆ ಏನೂ ಇಲ್ಲ. ತಿನ್ನಲು ಯೋಗ್ಯವಾದ ಪೆಪ್ಪರ್‌ಮಿಂಟ್ ಎಣ್ಣೆ ಸಿಕ್ಕಿದರೆ ಮೂರು ಹನಿ ಹಾಕಿ ರುಚಿ ನೋಡು. ಗ್ರಂಧಿಗೆ ಅಂಗಡಿಯ ಮೆಂಥಾಲ್ ಹರಳಿನ ತಂಟೆಗೆ ಹೋಗಬೇಡ, ಅಳತೆ ಸಿಗುವುದಿಲ್ಲ, ಬಾಯಿ ಉರಿಯುತ್ತದೆ.

ಸರಸ್ವತಿಪುರಂ ಸೊಸೆ

ವೈರ್‌ಮ್ಯಾನ್ ಸರ್, ಥ್ಯಾಂಕ್ಸ್. ಅಡಾಪ್ಟರನ್ನು ಡ್ರಾಯರ್‌ಗೆ ಹಾಕಿ ಬೀಗ ಹಾಕಿದೆ.

ಆಂಟಿ, ನೀವು ನೀನು ಅಂದಿದ್ದು ಖುಷಿಯಾಯಿತು. ಒಂದು ಅನುಮಾನ. ಕಂಡೆನ್ಸ್ಡ್ ಮಿಲ್ಕಿನಲ್ಲೂ ನೀರಿದೆಯಲ್ಲ? ಅದು ಸೇರಿದರೆ ಏನೂ ಆಗಲ್ಲ, ಮುಚ್ಚಳದ ಹನಿ ಬಿದ್ದರೆ ಮಾತ್ರ ಕೆಡುತ್ತದಾ? ಮತ್ತೆ ಕಾಂಪೌಂಡ್ ಚಾಕೊಲೇಟ್ ತರಲಾ, ನಿಜವಾದದ್ದು ತರಲಾ? ಮೊದಲು ಅರ್ಧ ಅಳತೆಯಲ್ಲಿ ಮಾಡಿ ನೋಡಲಾ ಅಂತಲೂ ಯೋಚನೆ.

ಅಗ್ರಹಾರದ ಆಂಟಿ

ಒಳ್ಳೇ ಪ್ರಶ್ನೆ. ಬರೀ ಕರಗಿದ ಚಾಕೊಲೇಟ್‌ಗೆ ಒಂದೆರಡು ಹನಿ ನೀರು ಬಿದ್ದರೆ, ಅದರೊಳಗಿನ ಸಕ್ಕರೆ, ಕೊಕೊ ಪುಡಿ ಒದ್ದೆಯಾಗಿ ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತದೆ. ಅದೇ ನೀರಿನ ಅಂಶ ಸಾಕಷ್ಟಿದ್ದರೆ ಪುಡಿಯೆಲ್ಲ ಪೂರ್ತಿ ನೆನೆದು ನಯವಾಗುತ್ತದೆ. ಕಂಡೆನ್ಸ್ಡ್ ಮಿಲ್ಕ್ ಜೊತೆ ಕರಗಿಸುವಾಗ ಗಂಟಿನ ಭಯ ಕಡಿಮೆ, ಅದಕ್ಕೇ ಅದನ್ನು ಮೊದಲು ಹಾಕು ಅಂದಿದ್ದು. ಆದರೆ ಮುಚ್ಚಳದಿಂದ ಇಳಿಯುವ ನೀರು ಅಳತೆಗೆ ಸಿಗದ ನೀರು. ಫಜ್ ಗಟ್ಟಿಯಾಗಲ್ಲ, ಬೇಗ ಹಾಳೂ ಆಗುತ್ತದೆ.

ಚಾಕೊಲೇಟ್ ವಿಷಯಕ್ಕೆ ಬಂದರೆ, ರುಚಿಗೆ ಕೊಕೊ ಬೆಣ್ಣೆ ಇರುವ ನಿಜವಾದದ್ದೇ. ಅದರಲ್ಲಿ ಎರಡು ಮಾತಿಲ್ಲ. ನಮ್ಮ ಪುತ್ತೂರಿನಲ್ಲಿ ಕ್ಯಾಂಪ್ಕೊ 1986ರಿಂದ ಚಾಕೊಲೇಟ್ ಮಾಡುತ್ತಿದೆ, ಅಡಿಕೆ ತೋಟದ ನಡುವೆ ಬೆಳೆದ ಕೊಕೊ. ಹೊರಗಿನದೇ ಬೇಕು ಅನ್ನುವವರ ಮಾತು ಕೇಳಬೇಡ. ಆದರೆ ಕೊಕೊ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ಏಪ್ರಿಲ್ ಮಧ್ಯಾಹ್ನ ಮೈಸೂರಿನ ಬಿಸಿಲು ಅದನ್ನು ದಾಟುತ್ತದೆ. ಟೆರೇಸಿನ ಮೇಲೆ ಪಾರ್ಟಿ ಅಂದರೆ ಕಾಂಪೌಂಡ್ ತಗೋ. ಅದರಲ್ಲಿ ತಾಳೆಬೀಜದಂಥ ಬೇರೆ ಕೊಬ್ಬು ಇರುತ್ತದೆ, ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತದೆ. ಡಾರ್ಕ್ ಇರಲಿ, ಸಿಹಿ ಹಾಲಿನಲ್ಲೇ ಬೇಕಾದಷ್ಟಿದೆ.

ತಟ್ಟೆಗೆ ಬೆಣ್ಣೆ ಕಾಗದ ಹಾಸಿ ಸುರಿ. ಫ್ರಿಜ್ಜಿನಲ್ಲಿ ನಾಲ್ಕು ಗಂಟೆ. ಬಿಸಿ ನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಲ್ಲಿ ಕತ್ತರಿಸಿದರೆ ಅಂಚು ನೀಟಾಗಿ ಬರುತ್ತದೆ. ಬಿಗಿ ಡಬ್ಬಿಯಲ್ಲಿಡು, ಇಲ್ಲದಿದ್ದರೆ ಬೆಳ್ಳುಳ್ಳಿ ವಾಸನೆ ಹಿಡಿಯುತ್ತದೆ.

ಅರ್ಧ ಅಳತೆ ಬೇಡ. ದೊಡ್ಡ ಪಾತ್ರೆಯಲ್ಲಿ ಕಡಿಮೆ ಹಾಕಿದರೆ ತೆಳ್ಳಗೆ ಹರಡಿ ಅಂಚಿನಲ್ಲಿ ಬೇಗ ಸೀಯುತ್ತದೆ, ಆ ಟ್ರಯಲ್ ನೋಡಿ ನೀನು ಪೂರ್ತಿ ಅಳತೆಗೂ ಹೆದರುತ್ತೀಯ. ಪೂರ್ತಿಯನ್ನೇ ಒಂದು ವಾರ ಮೊದಲು ಮಾಡಿಡು, ಫ್ರಿಜ್ಜಿನಲ್ಲಿ ಅಷ್ಟು ದಿನ ಆರಾಮಾಗಿ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಅಷ್ಟರೊಳಗೆ ಸಿಗದಿದ್ದರೆ ಮನೆಯ ರೈಸ್ ಕುಕ್ಕರನ್ನು ವಾರ್ಮ್‌ಗೆ ಇಟ್ಟು, ಮುಚ್ಚಳ ತೆಗೆದು, ಇದೇ ಕ್ರಮದಲ್ಲಿ ಮಾಡು. ಆಗ ಐದು ನಿಮಿಷಕ್ಕೊಮ್ಮೆ ತಿರುಗಿಸಬೇಕು, ಅದರ ತಳ ತೆಳ್ಳಗಿರುತ್ತದೆ.