ಹಳೇ ಚೈನ್ ಸಾ, ಪಟ್ಟಿ ಮ್ಯಾಲ 070 ಅಂತೈತಿ, ಒಳಗ ಬ್ಯಾರೇನ ಐತಿ. ಇದು ಯಾವ್ದು ಹೇಳ್ರಿ

ಹಾನಗಲ್ ಹುಡ್ಗ:
ನಮಸ್ಕಾರ್ರೀ. ನಮ್ಮ ಕಾಕಾ ಮೊದ್ಲ ಕಟಗಿ ವ್ಯಾಪಾರ ಮಾಡ್ತಿದ್ದ, ಅವನ ದನದ ಮನ್ಯಾಗ ಗೊಬ್ಬರದ ಚೀಲದ ಕೆಳಗ ಒಂದು ಚೈನ್ ಸಾ (ಮರಾ ಕೊಯ್ಯೋ ಮಷೀನ್) ಸಿಕ್ತು, ಎತ್ತಿದ್ರ ಸೊಂಟ ಹಿಡೀತೈತಿ ಅಷ್ಟ್ ಭಾರ. ಕವರ್ ಮ್ಯಾಲ ಸ್ಟಿಲ್ (ಕಂಪನಿ ಹೆಸರು) 070 ಅಂತ ಪಟ್ಟಿ ಐತಿ, ಆದ್ರ ಅದಕ್ಕ ರಿವೆಟ್ ಬದ್ಲಿ ಎರಡು ಸ್ಕ್ರೂ ಜಡದಾರ. ಮೈ ಎಲ್ಲಾ ಬೂದಿ ಬಣ್ಣ, ಸ್ಟಾರ್ಟರ್ ಕವರ್ ಒಂದ ನಿನ್ನೆ ಮೊನ್ನೆ ಪೇಂಟ್ ಹೊಡದಂಗ ಕಿತ್ತಳಿ. ಬೋಲ್ಟ್ ನೋಡಿದ್ರ ಒಂದು ಸ್ಲಾಟ್, ಒಂದು ಅಲೆನ್, ಒಂದಕ್ಕಂತೂ ಸೈಕಲ್ ನಟ್ ಹಾಕ್ಯಾರ. ಹಗ್ಗ ನಾಕೈದು ಸಲ ಜಗ್ಗಿದ್ರ ಚಾಲೂ ಆಗ್ತೈತಿ, ಆದ್ರ ಥ್ರಾಟಲ್ ಮುಟ್ಟದನ ತಾನ ರೇಸ್ ಆಗಿ ಚೀರತೈತಿ, ಆಮ್ಯಾಲ ಬಂದ್. ಚೈನ್ ಬ್ಯಾರೆ ಕಟಕಟ ಅಂತ ಜಿಗೀತೈತಿ. ಇಲ್ಲಿ ಮೆಕ್ಯಾನಿಕ್ ಕಾರ್ಬೋರೇಟರ್ ಹೊಸಾದ ಹಾಕ್ಸು ಅಂದ. ನನಗ ಇದನ್ನ ಒರಿಜಿನಲ್ ಇದ್ದಂಗ ಮಾಡೋ ಆಸೆ, ಎಲ್ಲಿಂದ ಸುರು ಮಾಡ್ಲಿ?

ಗೋಕುಲ ರೋಡ್ ಲೇತ್:
ಮೊದ್ಲ ಅದನ್ನ ಚಾಲೂ ಮಾಡೂದು ಬಂದ್ ಮಾಡ್ರಿ. ತಾನ ರೇಸ್ ಆಗ್ತೈತಿ ಅಂದ್ರ ಎಲ್ಲೋ ಗಾಳಿ ಎಳಕೊಳ್ಳಾಕತ್ತೈತಿ, ಪೆಟ್ರೋಲ್ ಕಡಿಮಿ ಗಾಳಿ ಜಾಸ್ತಿ, ಇನ್ನ ನಾಕ ಸಲ ಹಂಗ ಓಡಿಸಿದ್ರ ಪಿಸ್ಟನ್ ಹಿಡಕೊಂಡು ಹೋಗ್ತೈತಿ, ಆಮ್ಯಾಲ ಕಾರ್ಬೋರೇಟರ್ ಹೊಸಾದ ಹಾಕಿ ಏನ್ ಪೂಜಿ ಮಾಡ್ತೀರೇನು.
ಇನ್ನ ಗುರುತಿನ ಮಾತು. ಪಟ್ಟಿ ನಂಬಬ್ಯಾಡ್ರಿ, ಸ್ಕ್ರೂ ಹಾಕಿದ ಪಟ್ಟಿ ಅಂತೂ ಬಿಲ್ಕುಲ್ ನಂಬಬ್ಯಾಡ್ರಿ. ಸ್ಟಿಲ್‌ನವ್ರು 1959ರಾಗ ಕಾಂಟ್ರಾ ಅಂತ ಬಿಟ್ರು, ಅದರ ಗೇರಿಲ್ಲದ ಡಿಸೈನ್ ಮ್ಯಾಲನ ಮುಂದ 070, 090 ಬಂದ್ವು. ಮೂರೂ ಒಂದ ತಾಯಿ ಮಕ್ಕಳಿದ್ದಂಗ, ಅದಕ್ಕ ಒಂದರ ಸಿಲಿಂಡರ್ ಇನ್ನೊಂದರ ಮೈಮ್ಯಾಲ ಕುಂದ್ರಿಸೋ ಜುಗಾಡ್ ಭಾಳ ನಡೀತೈತಿ. ಸ್ಟ್ರೋಕ್, ಅಂದ್ರ ಪಿಸ್ಟನ್ ಮ್ಯಾಲ ಕೆಳಗ ಓಡಾಡೋ ದೂರ, 070, 090 ಎರಡೂದೂ 40 ಎಂಎಂ. ಫರಕ ಇರೂದು ಬೋರ್‌ನ್ಯಾಗ, ಅಂದ್ರ ಸಿಲಿಂಡರ್ ಒಳ ಅಗಲದಾಗ: 58 ಬಂದ್ರ 070, ಅಂದ್ರ 106 ಸಿಸಿ. 66 ಬಂದ್ರ 090, 137 ಸಿಸಿ. ವರ್ನಿಯರ್ ಹಿಡಿದ್ರ ಎರಡು ಮಿನಿಟಿನ ಕೆಲಸ. ಮತ್ತ ಪಾರ್ಟ್ ಒಳಮೈಯಾಗ ಎರಕದಾಗ ಬಂದ ನಂಬರ್ ಇರ್ತೈತಿ, ಸೀಮೆಎಣ್ಣಿ ಹಾಕಿ ಬ್ರಶ್ಶಿನಿಂದ ತಿಕ್ಕಿ ನೋಡ್ರಿ, 1106 ಅಂತ ಸುರು ಆದ್ರ ಈ ಮನಿತನದ್ದ. 1110 ಅಂದ್ರ 041. ಆದ್ರ ಆ ನಂಬರ್ ಪಾರ್ಟಿಂದು, ಮಷೀನಿಂದಲ್ಲ, ಅದೊಂದ್ ನೆಪ್ಪಿರ್ಲಿ. ನಂಬರ ಇಲ್ಲದ ಪಾರ್ಟ್ ಸಿಕ್ರ ನಕಲಿ ಅಂತ ಸಂಶಯ ಪಡ್ರಿ, 070ದ ಚೀನಾ ಕಾಪಿ ಮಾರ್ಕೆಟ್‌ನ್ಯಾಗ ಬೇಕಾದಷ್ಟದಾವ.

ಬೆಟಗೇರಿ ಬಾಬು:
ಯಾಕ್ರೀ ಈ ಉಸಾಬರಿ, ಗುಜರಿಗೆ ಹಾಕಿ ಹೊಸಾದ ತಗೋರಿ. ಅದಕ್ಕ ಚೈನ್ ಬ್ರೇಕ್ ಇಲ್ಲ, ವೈಬ್ರೇಶನ್‌ಗೆ ರಬ್ಬರ್ ಇಲ್ಲ, ತುದಿ ತಾಗಿ ಹೊಳ್ಳಿ ಎದ್ದು ಮಾರಿಗೆ ಬಂದ್ರ ತಡಿಯೋದ್ಯಾವ್ದು? ನಮ್ಮ ಮಾವ ಇಂಥಾದ್ದ ಹಿಡದು ಹತ್ತು ವರ್ಷ ಹುಣಸಿ ಮರಾ ಕೊಯ್ದ, ಈಗ ಚಾದ ಕಪ್ಪು ಹಿಡಿದ್ರ ಕೈ ನಡಗತಾವ.

ಸಪ್ತಾಪುರ ಮೇಷ್ಟ್ರು:
ಬಾಬು ಹೇಳಿದ್ದು ಖರೇ ಅದ, ಕೆಲಸಕ್ಕ ಅಂದ್ರ ಬ್ಯಾಡ. ಇಟ್ಕೊಳ್ಳಿಕ್ಕೆ, ಹಬ್ಬಕ್ಕೊಮ್ಮೆ ಸಪ್ಪಳ ಕೇಳ್ಲಿಕ್ಕೆ ಅಂದ್ರ ರಿಪೇರಿ ಮಾಡ್ಲಿ ಬಿಡ್ರಿ, ಅದೂ ಒಂದು ಸುಖನ.
ಆದ್ರ ಲೇತ್ ಅಣ್ಣಾ, ಒಂದು ತಕರಾರು. ಬೋರ್ ಅಳೀಲಿಕ್ಕೆ ಸಿಲಿಂಡರ್ ಬಿಚ್ಚಬೇಕು, ಬಿಚ್ಚಿದ ಮ್ಯಾಲ ಗಾಳಿ ಎಲ್ಲಿಂದ ಸೋರ್ತಿತ್ತು ಅನ್ನೂದು ಯಾರಿಗೂ ತಿಳಿಯೂದಿಲ್ಲ. ಅದಕ್ಕ ಮೊದ್ಲು ಲೀಕ್ ಟೆಸ್ಟ್. ನಾ ಮನ್ಯಾಗ ಅಪ್ಪನ ಹಳೇ ಬಿಪಿ ಮಷೀನಿನ ಬುಗ್ಗಿ, ಮೀಟರ್ ತಗೊಂಡು ಮಾಡ್ತೀನಿ. ಸೈಲೆನ್ಸರ್ ಬಿಚ್ಚಿ ಆ ಕಿಂಡಿಗೆ ಸೈಕಲ್ ಟ್ಯೂಬಿನ ತುಂಡಿಟ್ಟು ಮ್ಯಾಲ ತಗಡು ಬಿಗೀರಿ. ಕಾರ್ಬೋರೇಟರ್ ಕೂಡೋ ಮುಖಾನೂ ಹಂಗ ಮುಚ್ಚರಿ, ಪಕ್ಕದ ಸಣ್ಣ ಇಂಪಲ್ಸ್ ತೂತು (ಎಂಜಿನ್ನಿನ ಒತ್ತಡ ಕಾರ್ಬೋರೇಟರ್‌ಗೆ ಹೋಗೋ ದಾರಿ) ಸಮೇತ, ಅದನ್ನ ಮರತು ನಾ ಒಂದು ದಿನಾ ಪೂರಾ ಹಾಳು ಮಾಡ್ಕೊಂಡೀನಿ. ಪಿಸ್ಟನ್ ಪೂರ್ತಿ ಕೆಳಗಿಟ್ಟು, ಪ್ಲಗ್ಗಿನ ತೂತಿನಿಂದ 250ರ ತನಕ ಗಾಳಿ ಹೊಡೀರಿ. ಮುಳ್ಳು ನಿಂತ್ರ ಛಲೋ, ಇಳಿದ್ರ ಸಬಕಾರದ ನೀರು ಹಚ್ಚಿ ಗುಳ್ಳಿ ಎಲ್ಲೆದ್ದಾವ ನೋಡ್ರಿ. ಫ್ಲೈವೀಲ್ ಹಿಂದಿಂದು, ಕ್ಲಚ್ ಹಿಂದಿಂದು, ಈ ಎರಡು ಆಯಿಲ್ ಸೀಲ್ ಮ್ಯಾಲ ನನ್ನ ಸಂಶಯ ಅದ.
ಮೂಲ ಕಾರ್ಬೋರೇಟರ್ ಟಿಲ್ಲಟ್‌ಸನ್ ಎಚ್‌ಎಲ್ ಇದ್ರ ಒಗೀಬ್ಯಾಡ್ರಿ, ಡಯಾಫ್ರಾಮ್ (ಒಳಗಿನ ತೆಳು ಪರದೆ) ಕಿಟ್ ಅಷ್ಟ ಹಾಕ್ರಿ. ಹಳೇದು ತಗದು ಬಗ್ಗಿಸಿ ನೋಡ್ರಿ, ಹಪ್ಪಳದಂಗ ಸಪ್ಪಳ ಮಾಡಿದ್ರ ಮುಗೀತು. ಈಗಿನ ಪೆಟ್ರೋಲ್‌ನ್ಯಾಗ 20 ಪರ್ಸೆಂಟ್ ಎಥನಾಲ್ ಇರ್ತದ, ಆ ಕಾಲದ ರಬ್ಬರ್‌ಗೆ ಅದು ಆಗಿಬರೂದಿಲ್ಲ, ಓಡಿಸಿದ ಮ್ಯಾಲ ಟ್ಯಾಂಕ್ ಖಾಲಿ ಮಾಡಿನ ಇಡಬೇಕು. ಆಯಿಲ್ ಲೀಟರ್ ಪೆಟ್ರೋಲ್‌ಗೆ 40 ಎಂಎಲ್ ಹಾಕ್ರಿ, ಹೊಗಿ ಬಂದ್ರ ಬರ್ಲಿ.

ಹಾನಗಲ್ ಹುಡ್ಗ:
ನಾಕ ದಿನಾ ತಡಾ ಆತು, ಮೆಣಸಿನಕಾಯಿ ಹಾಕ್ಕೊಂಡು ಬ್ಯಾಡಗಿಗೆ ಹೋಗಿದ್ದೆ. ಮೇಷ್ಟ್ರು ಹೇಳಿದ್ದ ಮೊದ್ಲ ಮಾಡ್ದೆ. ಮುಳ್ಳು ನೋಡ್ನೋಡ್ತನ ಇಳೀತು, ಫ್ಲೈವೀಲ್ ಕಡಿ ಗುಳ್ಳಿ ಅಂದ್ರ ಗುಳ್ಳಿ! ಆಮ್ಯಾಲ ಸಿಲಿಂಡರ್ ಬಿಚ್ಚಿ ವರ್ನಿಯರ್ ಹಿಡದೆ, 66. ಮೈಮ್ಯಾಲ 1106 ಐತಿ. ಚೈನ್ ಬದ್ದಲ ಮಾತ್ರ ತಿಳೀವಲ್ದು, ಬಾರ್ (ಚೈನ್ ಸುತ್ತೋ ಉದ್ದನ ಪಟ್ಟಿ) ಮ್ಯಾಲ .404 ಅಂತ ಹೊಡದಾರ, ತುದ್ಯಾಗ ಗಾಲಿ ಇಲ್ಲ. ಕಾಕಾ ಅಂತೂ "ಅದು ಹುಟ್ಟಿದಾಗಿಂದ ಹಂಗ ಜಿಗೀತೈತಿ" ಅಂತಾನ.

ಗೋಕುಲ ರೋಡ್ ಲೇತ್:
ನೋಡ್ರಿ ಮತ್ತ, 090ರ ಸಿಲಿಂಡರ್‌ಗೆ 070ರ ಪಟ್ಟಿ. ಮೇಷ್ಟ್ರ ತಕರಾರು ಒಪ್ಪಿದೆ.
ಚೈನ್ ಹಿಂಗ ಅಳೀರಿ: ಸಾಲಾಗಿ ಮೂರು ರಿವೆಟ್, ಮೊದಲ್ನೇದರ ನಡುವಿಂದ ಮೂರನೇದರ ನಡುವಿನ ತನಕ. ಅದರ ಅರ್ಧಾನ ಚೈನಿನ ಪಿಚ್, ಇಂಚಿನ್ಯಾಗ ಹೇಳ್ತಾರ. 20.5 ಎಂಎಂ ಬಂದ್ರ .404, 19 ಬಂದ್ರ 3/8.

ಹಾನಗಲ್ ಹುಡ್ಗ:
19.

ಗೋಕುಲ ರೋಡ್ ಲೇತ್:
ಹಂಗಾರ ಅದ ನೋಡ್ರಿ ಜಿಗಿಯೂದು. ಬಾರ್ ತುದ್ಯಾಗ ಗಾಲಿ ಇಲ್ಲಲ್ಲ, ಅದಕ್ಕ ಬಾರ್ ಏನೂ ತಕರಾರು ಮಾಡಿಲ್ಲ, ಅಂಚಿನ ಸಂದಿಗೆ ಹೊಂದೂವಷ್ಟ ಚೈನ್ ದಪ್ಪ ಇದ್ರ ಸಾಕು ಅದಕ್ಕ. ಆದ್ರ ಸ್ಪ್ರಾಕೆಟ್ (ಚೈನ್ ತಿರಗ್ಸೋ ಹಲ್ಲಿನ ಗಾಲಿ) .404 ಇದ್ರ 3/8 ಚೈನ್ ಹಲ್ಲು ಹತ್ತಿ ಹಾರತೈತಿ. ಸ್ಪ್ರಾಕೆಟ್ ಹಲ್ಲು ಸವದಿರ್ತಾವ, ಅದೂ ಬದಲಿ ಮಾಡ್ರಿ, ಹಳೇ ಸ್ಪ್ರಾಕೆಟ್‌ಗೆ ಹೊಸಾ ಚೈನ್ ಹಾಕಿದ್ರ ರೊಕ್ಕ ನೀರಾಗ ಹಾಕಿದಂಗ.
ಸಿಲಿಂಡರ್ ಹೊಳ್ಳಿ ಕೂಡಿಸುವಾಗ ಪ್ಲಗ್ ತೂತಿನಾಗ ಸೋಲ್ಡರ್ ತಂತಿ ಗೋಡಿಗೆ ತಾಗೂವಂಗ ಬಿಟ್ಟು ಕೈಲೆ ಒಂದು ಸುತ್ತು ತಿರಗಿಸ್ರಿ, ಜಜ್ಜಿದ ತುದಿ ಅಳೀರಿ. ಅರ್ಧಾ ಎಂಎಂಕ್ಕಿಂತ ತೆಳು ಆಗಿದ್ರ ಪಿಸ್ಟನ್ ತಲಿ ಬಡೀತೈತಿ, ಗ್ಯಾಸ್ಕೆಟ್ ದಪ್ಪಂದು ಬೇಕು. ಯಾರೋ ಕೂಡಿಸಿದ ಜೋಡಿ ಇದು, ಅವ ನೋಡಿರ್ತಾನ ಅಂತ ತಿಳ್ಕೋಬ್ಯಾಡ್ರಿ.

ಹಾನಗಲ್ ಹುಡ್ಗ:
ಆತ್ರಿ. ಸೀಲ್ ಎರಡೂ ಕಿತ್ತೀನಿ, ಫ್ಲೈವೀಲ್ ಕಡಿದು ಕಲ್ಲಾಗಿತ್ತು. ಸ್ಯಾಂಪಲ್ ತಗೊಂಡು ಸೋಮವಾರ ಹುಬ್ಬಳ್ಳಿಗೆ ಬರ್ತೀನಿ, ಬೇರಿಂಗ್ ಅಂಗಡಿ ಮಂದಿಗೆ ಸೈಜ್ ತೋರಿಸಿದ್ರ ಸಿಗ್ತಾವಲ್ಲ? ಮತ್ತ ಪಟ್ಟಿ ಏನ್ ಮಾಡ್ಲಿ, ತಗೀಲೋ ಬ್ಯಾಡೋ?

ಸಪ್ತಾಪುರ ಮೇಷ್ಟ್ರು:
ಸೀಲ್ ಸಿಗ್ತಾವ, ಒಳ ಹೊರ ದಪ್ಪ ಮೂರೂ ಬರಕೊಂಡು ಬರ್ರಿ. ಪಟ್ಟಿ ಇರ್ಲಿ ಬಿಡ್ರಿ, ಕಾಕಾಗ ಅದು 070ನ.