ಗದ್ದೆ ಕೆಸರಿನಿಂದ ಬಂದ ಜ್ವರ: ಮೆಲಿಯೊಯ್ಡೋಸಿಸ್ ಆದವರು ಯಾರಾದರೂ ಇದ್ದೀರಾ?

ಕುಂದಾಪುರದ ಹತ್ತಿರ ನಮ್ಮೂರು. ಚಿಕ್ಕಪ್ಪನಿಗೆ 54 ವರ್ಷ, ಶುಗರ್ ಇದೆ. ನಟ್ಟಿ ಮುಗಿದ ಮೇಲೆ ಜ್ವರ, ಕೆಮ್ಮು ಶುರುವಾಯಿತು. ಎಕ್ಸ್‌ರೇ ನೋಡಿ ಮೊದಲು ಟಿಬಿ ಅಂದರು. ಆಮೇಲೆ ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮೆಲಿಯೊಯ್ಡೋಸಿಸ್ ಅಂತ ಬಂತು, ಮಣ್ಣಿನ ಬ್ಯಾಕ್ಟೀರಿಯಾದಿಂದ ಬರುವ ಸೋಂಕಂತೆ. 14 ದಿನ ಇಂಜೆಕ್ಷನ್ ಆಗಿದೆ. ಇನ್ನು 3 ತಿಂಗಳು ಮಾತ್ರೆಯಂತೆ. ಜ್ವರ ಬಿಟ್ಟ ಮೇಲೂ ಅಷ್ಟು ದಿನ ಬೇಕಾ? ಮನೆಯವರಿಗೆ ಅಂಟುತ್ತಾ? ಮತ್ತೆ ಗದ್ದೆಗೆ ಇಳಿಯಬಹುದಾ?

ಬ್ರಹ್ಮಾವರದಿಂದ:
ಬೇಕೇ ಬೇಕು. ನಮ್ಮ ಅಪ್ಪನ ಕಥೆ ಕೇಳಿ. ಅವರಿಗೂ ಶುಗರ್. ಲಿವರ್‌ನಲ್ಲಿ ಕೀವು ತುಂಬಿತ್ತು. ಮೆರೊಪೆನೆಮ್ ಅನ್ನುವ ಆಂಟಿಬಯಾಟಿಕ್ ಡ್ರಿಪ್ ಶುರುವಾದ ಮೇಲೂ ಒಂದು ವಾರ ಜ್ವರ ಇಳಿಯಲೇ ಇಲ್ಲ. ಔಷಧಿ ಹಿಡಿಯುತ್ತಿಲ್ಲ ಅಂತ ನಾವು ಅತ್ತಿದ್ದೇ ಅತ್ತಿದ್ದು. ಈ ಕಾಯಿಲೆಯಲ್ಲಿ ಜ್ವರ ನಿಧಾನ ಇಳಿಯುವುದು ಮಾಮೂಲು ಎಂದು ಡಾಕ್ಟರು ಆಮೇಲೆ ಹೇಳಿದರು.

ಮನೆಗೆ ಬಂದ ಮೇಲೆ ಬ್ಯಾಕ್ಟ್ರಿಮ್ ಡಿಎಸ್ ಅನ್ನುವ ಆಂಟಿಬಯಾಟಿಕ್ ಮಾತ್ರೆ, ಬೆಳಿಗ್ಗೆ ಎರಡು, ರಾತ್ರಿ ಎರಡು. ಅಪ್ಪನಿಗೆ ವಾಕರಿಕೆ. ಎರಡು ತಿಂಗಳಾಗುವಾಗ "ನಾನು ಹುಷಾರಾಗಿದ್ದೇನೆ" ಅಂತ ನಿಲ್ಲಿಸಿದರು. ನಮಗೂ ಹೇಳಲಿಲ್ಲ, ಮಾತ್ರೆ ದಿಂಬಿನ ಕವರಿನೊಳಗೆ ಸಿಕ್ಕಿತು. ಅಷ್ಟರಲ್ಲಿ ಮೊಣಕಾಲು ಊದಿ ಮತ್ತೆ ಜ್ವರ. ಕೀಲಿನಿಂದ ತೆಗೆದ ನೀರಿನಲ್ಲಿ ಅದೇ ಬ್ಯಾಕ್ಟೀರಿಯಾ. ಮತ್ತೆ ಅಡ್ಮಿಟ್, ಮತ್ತೆ ಡ್ರಿಪ್. ಹಾಗಾಗಿ ಮಾತ್ರೆಯನ್ನು ಎದುರಲ್ಲೇ ನುಂಗಿಸಿ. ಮೈಮೇಲೆ ದದ್ದು ಎದ್ದರೆ ತಕ್ಷಣ ಡಾಕ್ಟರಿಗೆ ಹೇಳಿ. ಕ್ರಿಯಾಟಿನಿನ್, ಪೊಟ್ಯಾಶಿಯಂ, ರಕ್ತದ ಕೌಂಟ್ ಆಗಾಗ ನೋಡಿಸಬೇಕು.

ಲ್ಯಾಬಿನಲ್ಲಿ ಕೆಲಸ ಮಾಡುವವಳು:
ಕಲ್ಚರ್ ಮಾಡಿಸಿದ್ದು ನಿಮ್ಮ ಪುಣ್ಯ. ಇದು ಟಿಬಿ ವೇಷದಲ್ಲೇ ಬರುತ್ತದೆ. ಇದರ ಬ್ಯಾಕ್ಟೀರಿಯಾ ಸೂಕ್ಷ್ಮದರ್ಶಕದಲ್ಲಿ ಸೇಫ್ಟಿ ಪಿನ್ನಿನ ಹಾಗೆ ಕಾಣುತ್ತದೆ, ಎರಡು ತುದಿ ಬಣ್ಣ ಹಿಡಿದು ನಡುವೆ ಖಾಲಿ. ಅನುಭವ ಇಲ್ಲದ ಕಡೆ "ಯಾವುದೋ ಸ್ಯೂಡೊಮೊನಾಸ್" ಅಂತ ಬೇರೆ ಬ್ಯಾಕ್ಟೀರಿಯಾದ ಹೆಸರು ಬರೆದು ಕೈತೊಳೆದುಕೊಳ್ಳುತ್ತಾರೆ. ನಮಗೆ ಅನುಮಾನ ಬರುವುದು ಯಾವ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ ಅಂತ ಪರೀಕ್ಷಿಸುವ ತಟ್ಟೆ ನೋಡಿದಾಗ. ಜೆಂಟಾಮೈಸಿನ್‌ಗೆ ಬಗ್ಗಲ್ಲ, ಕೊಲಿಸ್ಟಿನ್‌ನಂಥ ಕೊನೆಯ ಅಸ್ತ್ರಕ್ಕೂ ಬಗ್ಗಲ್ಲ, ಆದರೆ ಮಾಮೂಲಿ ಆಗ್ಮೆಂಟಿನ್‌ಗೆ ಬಗ್ಗುತ್ತದೆ! ಯಾರೋ ಆಂಟಿಬಯಾಟಿಕ್ ಜಾಸ್ತಿ ತಿಂದು ಹೀಗಾಗಿದ್ದಲ್ಲ. ಮಣ್ಣಿನಲ್ಲಿರುವ ಈ ಜೀವಿಗೆ ಅದು ಹುಟ್ಟುಗುಣ. ಹೊಸ ಕಾಯಿಲೆಯೂ ಅಲ್ಲ. ಬರ್ಮಾದ ರಂಗೂನಿನಲ್ಲಿ ಕಂಡದ್ದನ್ನು ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ಡಾಕ್ಟರುಗಳು 1912ರಲ್ಲೇ ಬರೆದಿದ್ದಾರೆ.

ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ. ತಟ್ಟೆ ಲೋಟ ಬೇರೆ ಇಡಬೇಡಿ, ಸುಮ್ನೆ ಅವರ ಮನಸ್ಸಿಗೆ ಬೇಜಾರು.

ಡಾರ್ವಿನ್‌ನಲ್ಲಿರುವ ಮಂಗಳೂರಿನವನು:
ಆಸ್ಟ್ರೇಲಿಯಾದ ಈ ಮೂಲೆಯಲ್ಲಿ ಇದು ಮನೆಮಾತು. ಮಳೆಗಾಲ ಬಂದರೆ ಆರೋಗ್ಯ ಇಲಾಖೆಯವರೇ ಎಚ್ಚರಿಸುತ್ತಾರೆ: ಬರಿಗಾಲಲ್ಲಿ ಕೆಸರು ತುಳಿಯಬೇಡಿ, ಗಾಯ ಮುಚ್ಚಿ, ಕೈಗವಸು ಹಾಕಿ. ಶುಗರ್ ಇರುವವರು, ಕಿಡ್ನಿ ಕಾಯಿಲೆಯವರು, ಜಾಸ್ತಿ ಕುಡಿಯುವವರು ಗಾಳಿಮಳೆ ಹೊತ್ತಲ್ಲಿ ಒಳಗಿರಿ ಅಂತ. ಊರಲ್ಲಿ ಇಲ್ಲಿಗಿಂತ ಜಾಸ್ತಿ ಮಳೆ, ಅಲ್ವಾ? ಆದರೆ ನಮ್ಮಮ್ಮನಿಗೆ ಈ ಹೆಸರೇ ಗೊತ್ತಿರಲಿಲ್ಲ.

ಪುತ್ತೂರಿನ ಕೃಷಿಕ:
ಗಮ್‌ಬೂಟು ಅಂತ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ತೋಟಕ್ಕೆ ಸರಿ. ನಟ್ಟಿ ಗದ್ದೆಯಲ್ಲಿ ಕಾಲು ಮೇಲೆ ಬರುತ್ತದೆ, ಬೂಟು ಕೆಸರಲ್ಲೇ ಉಳಿಯುತ್ತದೆ. ನಾನು ಮೂರು ಜೊತೆ ಹಾಳು ಮಾಡಿದೆ. ಕೊನೆಗೆ ಒಂದು ಅಳತೆ ಚಿಕ್ಕದು ತಗೊಂಡು ಮೊಣಕಾಲ ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದೆ. ಈಗ ಪರವಾಗಿಲ್ಲ. ಕಾಲಲ್ಲಿ ಗಾಯ ಇದ್ದ ದಿನ ಮಾತ್ರ ಇಳಿಯುವುದೇ ಇಲ್ಲ.

ಕೇಳಿದವನು:
ಎಲ್ಲರಿಗೂ ಥ್ಯಾಂಕ್ಸ್. ಚಿಕ್ಕಪ್ಪನಿಗೆ ಪೂರ್ತಿ ಓದಿ ಹೇಳಿದೆ. ದಿಂಬಿನ ಕವರಿನ ಕಥೆಗೆ ನಕ್ಕರು. ಚಿಕ್ಕಮ್ಮ ನಗಲಿಲ್ಲ, ಎದ್ದು ಹೋಗಿ ದಿಂಬು ಕೊಡವಿದರು.